ಕೆಣಕುವವನಿಗೆ ಲಕ್ಷ್ಯದ ದಾಸೋಹ ಬೇಡ

(ಶಿವಾನುಭವ ಗೋಷ್ಠಿಯಲ್ಲಿ ಪೂಜ್ಯರು ದಯಪಾಲಿಸಿದ ಪ್ರವಚನದ ಸಾರ)





ದಾಸೋಹ ಎಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಮಠದ ಅಡುಗೆಮನೆ, ಜೋಳದ ರೊಟ್ಟಿ, ಗೋದಿ ಹುಗ್ಗಿ, ಪಂಕ್ತಿಯಲ್ಲಿ ಕುಳಿತ ಜನ. ಆದರೆ ಶರಣರು ದಾಸೋಹವನ್ನು ಅನ್ನಕ್ಕಷ್ಟೇ ಸೀಮಿತಗೊಳಿಸಲಿಲ್ಲ. ಗುರುವಿಗೆ ತನು, ಲಿಂಗಕ್ಕೆ ಮನ, ಜಂಗಮಕ್ಕೆ ಧನ, ಹೀಗೆ ಮೂರನ್ನೂ ಸವೆಸಬೇಕೆಂದರು. ತನುವಿನ ದಾಸೋಹ ದುಡಿಮೆಯಲ್ಲಿ ಕಾಣುತ್ತದೆ. ಧನದ ದಾಸೋಹ ಕೈ ಬಿಚ್ಚಿ ಕೊಡುವಲ್ಲಿ ಕಾಣುತ್ತದೆ. ಮನದ ದಾಸೋಹ ಎಲ್ಲಿ ಕಾಣುತ್ತದೆ? ನಮ್ಮ ಲಕ್ಷ್ಯ ಎಲ್ಲಿ ನೆಟ್ಟಿದೆಯೋ ಅಲ್ಲಿ. ನಾವು ಯಾವುದಕ್ಕೆ ಲಕ್ಷ್ಯ ಕೊಡುತ್ತೇವೆಯೋ ಅದಕ್ಕೆ ನಮ್ಮ ಮನಸ್ಸನ್ನು ಉಣಬಡಿಸುತ್ತಿದ್ದೇವೆ. ಉಂಡದ್ದು ಬೆಳೆಯುತ್ತದೆ, ಉಣದಿದ್ದದ್ದು ಸೊರಗುತ್ತದೆ. ಇದು ಹಸುಗೂಸಿಗೂ ಸತ್ಯ, ಹೊಲದ ಕಳೆಗೂ ಸತ್ಯ.

ಈಚೆಗೆ ನಮ್ಮ ತರುಣರು ಮೇಲಿಂದ ಮೇಲೆ ಒಂದು ಪ್ರಶ್ನೆ ಕೇಳುತ್ತಾರೆ. “ಅಪ್ಪಾ ಅವರೇ, ಮೊಬೈಲಿನಲ್ಲಿ ಯಾರೋ ನಮ್ಮ ಭಾಷೆಯನ್ನು ಬೈಯುತ್ತಾರೆ, ಶರಣರನ್ನು ಹಂಗಿಸುತ್ತಾರೆ, ನಮ್ಮ ಅಕ್ಕತಂಗಿಯರ ಬಗ್ಗೆ ಹೊಲಸು ಬರೆಯುತ್ತಾರೆ. ಸುಮ್ಮನಿದ್ದರೆ ಹೇಡಿಗಳೆನ್ನುತ್ತಾರೆ, ಉತ್ತರ ಕೊಟ್ಟರೆ ಜಗಳ ಮುಗಿಯುವುದೇ ಇಲ್ಲ. ಏನು ಮಾಡಬೇಕು?” ಪ್ರಶ್ನೆ ಸಣ್ಣದೆಂದು ತಳ್ಳಿಹಾಕುವಂತಿಲ್ಲ. ಗಡಿಯಲ್ಲಿ ಬಾಳುವ ನಮಗಂತೂ ಇದು ಮನೆಬಾಗಿಲಿನ ಪ್ರಶ್ನೆ. ಆದ್ದರಿಂದ ಇಂದು ಇದನ್ನೇ ವಿಚಾರ ಮಾಡೋಣ.

ಹೀಗೆ ಕೆಣಕಿ ಮೋಜು ನೋಡುವವನಿಗೆ ಇಂಗ್ಲಿಷಿನಲ್ಲಿ ‘ಟ್ರೋಲ್’ ಎನ್ನುತ್ತಾರೆ. ಈಗ ನಮ್ಮ ಹಳ್ಳಿಯ ಹುಡುಗರ ಬಾಯಲ್ಲಿಯೂ ಅದೇ ಶಬ್ದ ಓಡಾಡುತ್ತಿದೆ. ಮೀನುಗಾರರು ದೋಣಿಯ ಹಿಂದೆ ಗಾಳ ಬಿಟ್ಟು, ನೀರಿನಲ್ಲಿ ಮೆಲ್ಲಗೆ ಎಳೆಯುತ್ತ ಹೋಗುವುದಕ್ಕೂ ಆ ಭಾಷೆಯಲ್ಲಿ ಇದೇ ಶಬ್ದವಿದೆ. ಉಜನಿಯ ಹಿನ್ನೀರಿನಲ್ಲಿ ಮೀನು ಹಿಡಿಯುವವರನ್ನು ನೋಡಿದವರಿಗೆ ಅರ್ಥ ಬೇಗ ಹೊಳೆದೀತು. ಗಾಳದ ತುದಿಯ ಎರೆಹುಳು ಮೀನಿನ ಹೊಟ್ಟೆ ತುಂಬಲೆಂದು ಇಟ್ಟದ್ದಲ್ಲ. ಹಾಗೆಯೇ ಕಿಡಿಗೇಡಿ ಬರೆದ ಮಾತು ಚರ್ಚೆಗೆಂದು ಬರೆದದ್ದಲ್ಲ. ಅವನಿಗೆ ಬೇಕಾದದ್ದು ನಿಮ್ಮ ಸಿಟ್ಟು. ನೀವು ಕಚ್ಚಿದಿರೋ, ಅವನ ಬೇಟೆ ಆಯಿತು. ನೀವು ಎಷ್ಟು ಒಳ್ಳೆಯ ಉತ್ತರ ಕೊಟ್ಟಿರಿ, ಎಷ್ಟು ಆಧಾರ ತೋರಿಸಿದಿರಿ ಎಂಬುದು ಅವನಿಗೆ ಬೇಕಿಲ್ಲ.

ಇದು ಬರಿಯ ಊಹೆಯ ಮಾತಲ್ಲ. 2014ರಲ್ಲಿ ಕೆನಡಾದ ಮನಶ್ಶಾಸ್ತ್ರಜ್ಞರು ಇಂಥವರ ಸ್ವಭಾವವನ್ನು ಅಭ್ಯಾಸ ಮಾಡಿ ಒಂದು ಲೇಖನ ಪ್ರಕಟಿಸಿದರು. ಕೆಣಕುವುದೇ ತಮಗೆ ಖುಷಿ ಎಂದು ಒಪ್ಪಿಕೊಂಡವರಲ್ಲಿ, ಇನ್ನೊಬ್ಬರ ನೋವು ನೋಡಿ ಸುಖಪಡುವ ಗುಣ ಎದ್ದು ಕಂಡಿತು. ಈಗ ನೀವೇ ಹೇಳಿರಿ. ನಮ್ಮ ನೋವೇ ಯಾರಿಗೆ ಮೃಷ್ಟಾನ್ನವೋ, ಅವನ ಎಲೆಗೆ ಅದನ್ನೇ ಮತ್ತೆ ಮತ್ತೆ ಬಡಿಸಿದರೆ ಅವನು ಊಟ ಮುಗಿಸಿ ಏಳುವನೇ?

ಇನ್ನು ಅವನ ಬೆನ್ನಿಗೆ ನಿಂತಿರುವ ಯಂತ್ರದ ವಿಚಾರ. ಮೊಬೈಲಿನಲ್ಲಿ ಯಾವ ಬರಹ ಎಷ್ಟು ಜನರಿಗೆ ಕಾಣಬೇಕೆಂದು ಕ್ಷಣಕ್ಷಣಕ್ಕೂ ತೀರ್ಮಾನಿಸುವುದು ಕಂಪನಿಯ ಯಂತ್ರ. ಅದು ಬಹುಮಟ್ಟಿಗೆ ನೋಡುವುದು, ಎಷ್ಟು ಜನ ನಿಂತು ನೋಡಿದರು, ಎಷ್ಟು ಜನ ಮರುಮಾತು ಬರೆದರು, ಎಷ್ಟು ಜನ ಹಂಚಿದರು ಎಂಬುದನ್ನು. ಜಾತ್ರೆಯಲ್ಲಿ ಗುಂಪು ಎಲ್ಲಿ ಹೆಚ್ಚೋ ಅಲ್ಲಿಗೇ ಮತ್ತಷ್ಟು ಜನ ನುಗ್ಗುತ್ತಾರಲ್ಲ, ಹಾಗೆ. ಗುಂಪು ಸೇರಿದ್ದು ಭಜನೆಗೋ ಬಡಿದಾಟಕ್ಕೋ ಎಂದು ಹಿಂದೆ ನಿಂತವನಿಗೆ ತಿಳಿಯದು. ಫೇಸ್‌ಬುಕ್ ಕಂಪನಿಯು 2017ರಿಂದ ಪ್ರೀತಿ, ನಗು, ಕೋಪ ಮುಂತಾದ ಮುಖಚಿಹ್ನೆಗಳಿಗೆ ಒಂದು ‘ಲೈಕ್’ಗಿಂತ ಐದು ಪಟ್ಟು ತೂಕ ಕೊಟ್ಟಿತ್ತು. ಕೋಪದ ಕೆಂಪು ಮುಖ ಹೆಚ್ಚು ಬಂದ ಬರಹಗಳಲ್ಲಿ ಸುಳ್ಳು, ಕುಚೋದ್ಯ ಹೆಚ್ಚಿರುತ್ತದೆಂದು ಅವರ ನೌಕರರೇ ಕಂಡುಕೊಂಡ ಮೇಲೆ, 2020ರಲ್ಲಿ ಕೋಪದ ಚಿಹ್ನೆಯ ತೂಕವನ್ನು ಶೂನ್ಯಕ್ಕೆ ಇಳಿಸಿದರು. 2021ರಲ್ಲಿ ಕಂಪನಿಯ ಒಳಗಿನ ಕಾಗದಪತ್ರಗಳು ಹೊರಬಿದ್ದಾಗ ಇದೆಲ್ಲ ಲೋಕಕ್ಕೆ ತಿಳಿಯಿತು. ಅಂದರೆ ಆ ಮೂರು ವರುಷ ಭಕ್ತನೊಬ್ಬ ಧರ್ಮನಿಂದೆಯ ಬರಹ ನೋಡಿ ಸಿಟ್ಟಿನಿಂದ ಕೆಂಪು ಮುಖ ಒತ್ತಿದಾಗಲೆಲ್ಲ, ಆ ಬರಹಕ್ಕೆ ಒಂದು ಮೆಚ್ಚುಗೆಗಿಂತ ಹೆಚ್ಚು ಬಲ ತುಂಬುತ್ತಿದ್ದ. ಅವನು ಮಾಡಿದ್ದು ಖಂಡನೆ, ಯಂತ್ರ ಬರೆದುಕೊಂಡದ್ದು ಕಾಣಿಕೆ.

ಹಣದ ಮಾತೂ ಇದೆ. ಹಿಂದೆ ಟ್ವಿಟರ್ ಎನ್ನುತ್ತಿದ್ದ, 2023ರ ಜುಲೈಯಿಂದ ಎಕ್ಸ್ ಎಂದು ಹೆಸರಾದ ಕಂಪನಿ, ಅದೇ ತಿಂಗಳು ಬರೆಯುವವರಿಗೆ ದುಡ್ಡು ಕೊಡಲಾರಂಭಿಸಿತು. ಮೊದಲಿಗೆ ಆ ದುಡ್ಡನ್ನು ಲೆಕ್ಕ ಹಾಕಿದ್ದು, ಅವರ ಬರಹಕ್ಕೆ ಬಂದ ಮರುಮಾತುಗಳ ನಡುವೆ ತೋರಿಸಿದ ಜಾಹೀರಾತುಗಳ ಮೇಲೆ. ಒಬ್ಬ ಒಂದು ಕೆಟ್ಟ ಮಾತು ಬರೆದು ಮಲಗುತ್ತಾನೆ. ಸಾವಿರ ಜನ ನಿದ್ದೆಗೆಟ್ಟು ಅವನನ್ನು ಬೈಯುತ್ತಾರೆ. ಬೆಳಗಾದಾಗ ಅವನ ಖಾತೆಗೆ ದುಡ್ಡು. ದುಡಿದವರು ಯಾರು, ಉಂಡವನು ಯಾರು? ಕಾಯಕ ಮಾಡದೆ ಉಣಬಾರದೆಂಬ ತತ್ತ್ವದಲ್ಲಿ ಬೆಳೆದ ನಾವು, ಅವನ ಹೊಲದಲ್ಲಿ ಕೂಲಿಯಿಲ್ಲದೆ ದುಡಿದು ಬಂದಂತಾಯಿತು.

“ಬೈದರೆ ನಾಚಿಕೆಪಟ್ಟು ಬಿಟ್ಟಾನು” ಎಂದು ಕೆಲವರು ಹೇಳುತ್ತಾರೆ. ಇದನ್ನೂ ಪರೀಕ್ಷಿಸಿ ನೋಡಿದ್ದಾರೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಹಾಗೂ ಇತರ ಸಂಶೋಧಕರು 2014ರಲ್ಲಿ, ಸುದ್ದಿಗಳ ಕೆಳಗೆ ಓದುಗರು ಬರೆದ ಲಕ್ಷಾಂತರ ಮಾತುಗಳನ್ನು ಪರಿಶೀಲಿಸಿದರು. ಜನ ಕೆಟ್ಟದ್ದೆಂದು ತಳ್ಳಿದವನು ಬರೆಯುವುದನ್ನು ಕಡಿಮೆ ಮಾಡಲಿಲ್ಲ. ಹೆಚ್ಚು ಬರೆದ, ಮೊದಲಿಗಿಂತ ಕೆಟ್ಟದಾಗಿ ಬರೆದ, ಬೇರೆಯವರ ಮಾತನ್ನೂ ತಳ್ಳಲು ತೊಡಗಿದ. ಹಾಗಾದರೆ ಬಿಟ್ಟುಹೋದವರು ಯಾರು? ಯಾರ ಮಾತಿಗೆ ಹೌದು ಎನ್ನುವವರೂ ಇಲ್ಲ, ಅಲ್ಲ ಎನ್ನುವವರೂ ಇಲ್ಲವೋ ಅವರೇ ಹೆಚ್ಚಾಗಿ ಬಿಟ್ಟುಹೋದರು. ಕಟ್ಟೆಯ ಮೇಲೆ ಕುಳಿತ ನಮ್ಮ ಹಿರಿಯರು ಸಂಶೋಧನೆ ಇಲ್ಲದೆಯೇ ಇದನ್ನು ಬಲ್ಲವರಾಗಿದ್ದರು. ಕೆಸರಿಗೆ ಕಲ್ಲೆಸೆದರೆ ಮುಖಕ್ಕೆ ರಾಡಿ ಎಂದರು.

ಇನ್ನು ನಮ್ಮ ಗಡಿಯ ಮಾತಿಗೆ ಬರೋಣ. 2022ರ ನವೆಂಬರ್, ಡಿಸೆಂಬರ್ ತಿಂಗಳುಗಳನ್ನು ಜತ್ತ, ಅಕ್ಕಲಕೋಟ, ಸೋಲಾಪುರದ ಭಕ್ತರು ಮರೆತಿರಲಾರರು. ಜತ್ತ ತಾಲೂಕಿನ ಹಳ್ಳಿಗಳ ನೀರಿನ ಬವಣೆ ಹಳೆಯದು. ಆ ವಿಷಯ ಎರಡು ರಾಜ್ಯಗಳ ನಾಯಕರ ಹೇಳಿಕೆಗಳಲ್ಲಿ ಸೇರಿ ಗಡಿವಾದದ ರೂಪ ತಾಳಿತು. ಡಿಸೆಂಬರ್ 6ರಂದು ಬೆಳಗಾವಿ ಹತ್ತಿರದ ಹಿರೇಬಾಗೇವಾಡಿ ಟೋಲ್ ನಾಕೆಯಲ್ಲಿ ಮಹಾರಾಷ್ಟ್ರದ ಲಾರಿಗಳಿಗೆ ಕಲ್ಲು ಬಿದ್ದವು. ಪುಣೆಯಲ್ಲಿ ಕರ್ನಾಟಕದ ಬಸ್ಸುಗಳಿಗೆ ಮಸಿ ಬಳಿದರು. ಡಿಸೆಂಬರ್ 14ರಂದು ಕೇಂದ್ರ ಗೃಹ ಸಚಿವ ಅಮಿತ್ ಶಾ ಅವರು ಎರಡೂ ರಾಜ್ಯಗಳ ಮುಖ್ಯಮಂತ್ರಿಗಳನ್ನು ದಿಲ್ಲಿಯಲ್ಲಿ ಕೂಡಿಸಿ ಮಾತಾಡಿದರು. ಸಭೆಯ ನಂತರ ಅವರು ಹೇಳಿದ ಸಂಗತಿಗಳಲ್ಲಿ ಒಂದನ್ನು ಗಮನಿಸಿರಿ. ದೊಡ್ಡ ನಾಯಕರ ಹೆಸರಿನಲ್ಲಿ ಯಾರೋ ನಕಲಿ ಟ್ವಿಟರ್ ಖಾತೆ ತೆರೆದು ಬರೆದದ್ದೂ ಜನರ ಭಾವನೆ ಕೆರಳಲು ಕಾರಣವಾಗಿದೆ, ಅಂಥವರ ಮೇಲೆ ಪ್ರಕರಣ ದಾಖಲಿಸಲಾಗುವುದು ಎಂದರು.

ಗಡಿಯ ಮೊಕದ್ದಮೆ 2004ರಿಂದ ಸುಪ್ರೀಂ ಕೋರ್ಟಿನಲ್ಲಿದೆ. ಅದರ ತೀರ್ಪು ಮೊಬೈಲಿನ ಬೈಗುಳದಿಂದ ಒಂದು ಅಂಗುಲವೂ ಆಚೀಚೆ ಆಗದು. ಆದರೆ ಮುಖ ತೋರಿಸದವನು ಎಲ್ಲೋ ಕುಳಿತು ಬರೆದ ಎರಡು ಸಾಲಿಗೆ ಇತ್ತಲಿನವರು ಕೆರಳಿ ಉತ್ತರ ಕೊಟ್ಟರು, ಅತ್ತಲಿನವರು ಆ ಉತ್ತರಕ್ಕೆ ಉತ್ತರ ಕೊಟ್ಟರು. ನಷ್ಟ ಆದದ್ದು ಯಾರಿಗೆ? ಗಡಿ ದಾಟಿ ಸಂತೆಗೆ ಹೋಗುವ ರೈತನಿಗೆ, ಕಾಲೇಜಿಗೆ ಹೋಗುವ ಮಗಳಿಗೆ, ತವರಿಗೆ ಹೊರಟ ತಾಯಿಗೆ, ಸ್ಟಿಯರಿಂಗ್ ಹಿಡಿದು ಕುಳಿತ ಬಡ ಚಾಲಕನಿಗೆ. ನಾವು ಮರಾಠಿ ನೆರೆಹೊರೆಯವರ ಸಂಗಡ ಒಂದೇ ಬಾವಿಯ ನೀರು ಕುಡಿದು ತಲೆಮಾರುಗಳಿಂದ ಬಾಳಿದವರು. ಕಿಡಿಗೇಡಿಗೆ ಈ ನೆರೆಹೊರೆಯ ಅಗತ್ಯವಿಲ್ಲ, ನಮಗಿದೆ. ಅವನು ಕಿಡಿ ಹಾರಿಸಿ ಹೋಗುತ್ತಾನೆ. ಬಣವೆ ಮಾತ್ರ ನಮ್ಮದು.

ಇನ್ನೊಂದು ತಪ್ಪು ತಿಳಿವಳಿಕೆ ನಮ್ಮಲ್ಲಿದೆ. “ನಾನು ಇದನ್ನು ಒಪ್ಪಿ ಕಳಿಸುತ್ತಿಲ್ಲ, ಎಂಥ ಅನ್ಯಾಯ ನೋಡಿರಿ ಎಂದು ಕಳಿಸುತ್ತಿದ್ದೇನೆ” ಎಂದು ಹೇಳಿ ಹೊಲಸು ಬರಹವನ್ನು ನಾಲ್ಕು ಗುಂಪುಗಳಿಗೆ ಹಂಚುವುದು. ಒಳ್ಳೆಯ ಉದ್ದೇಶದಿಂದ ಹೊತ್ತೊಯ್ದರೂ ಬೆಂಕಿ ಬೆಂಕಿಯೇ. ಹಂಚುವ ಕೈ ಎಷ್ಟು ದೊಡ್ಡ ಅನಾಹುತ ಮಾಡಬಲ್ಲದೆಂಬುದಕ್ಕೆ ನಮ್ಮ ಮಂಗಳವೇಢೆಯ ಸೀಮೆಯೇ ಸಾಕ್ಷಿ. ಬಸವಣ್ಣನವರು ಬಿಜ್ಜಳನ ಕರಣಿಕರಾಗಿ ಕಾಯಕ ಆರಂಭಿಸಿದರೆಂದು ಪರಂಪರೆ ಹೇಳುವ ನೆಲ ಅದು. ಆ ತಾಲೂಕಿನ ಕಡೆಯಿಂದ ಹೊಟ್ಟೆಪಾಡಿಗೆ ಅಲೆಯುತ್ತ ಹೋದ ಭಿಕ್ಷುಕ ಸಮಾಜದ ಐವರನ್ನು 2018ರ ಜುಲೈ 1ರಂದು ಧುಳೆ ಜಿಲ್ಲೆಯ ರೈನಪಾಡಾ ಎಂಬ ಹಳ್ಳಿಯಲ್ಲಿ ಗುಂಪೊಂದು ಬಡಿದು ಕೊಂದಿತು. ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುಳ್ಳು ಸುದ್ದಿ ಆಗ ವಾಟ್ಸಾಪಿನಲ್ಲಿ ಊರಿಂದೂರಿಗೆ ಓಡುತ್ತಿತ್ತು. ಅದನ್ನು ಹಂಚಿದವರಲ್ಲಿ ಹೆಚ್ಚಿನವರು ಕೆಟ್ಟವರಾಗಿರಲಾರರು, “ಎಚ್ಚರವಿರಲಿ” ಎಂದೇ ಹಂಚಿರಬೇಕು. ಅದೇ ತಿಂಗಳು ವಾಟ್ಸಾಪ್ ಕಂಪನಿಯು ನಮ್ಮ ದೇಶದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆಗೆ ಕಳಿಸದಂತೆ ಮಿತಿ ಹಾಕಿತು. ಮಿತಿಯನ್ನು ಯಂತ್ರ ಹಾಕುವ ಮುಂಚೆ ಮನಸ್ಸು ಹಾಕಿಕೊಂಡಿದ್ದರೆ ಐದು ಜೀವ ಉಳಿಯುತ್ತಿದ್ದವೇನೋ.

ಕೆಣಕುವವನಿಗೆ ಉತ್ತರ ಕೊಡುತ್ತ ಹೋದರೆ ಆಗುವ ಇನ್ನೊಂದು ಹಾನಿ, ನಾವೂ ಅವನಂತೆಯೇ ಆಗುವುದು. ಸ್ಟ್ಯಾನ್‌ಫರ್ಡ್ ಮತ್ತು ಕಾರ್ನೆಲ್ ವಿಶ್ವವಿದ್ಯಾಲಯಗಳವರು 2017ರಲ್ಲಿ ಮತ್ತೊಂದು ಪ್ರಯೋಗ ಮಾಡಿದರು. ಸಾಮಾನ್ಯ ಜನರನ್ನೇ ಕರೆದು, ಕೆಲವರ ಮನಸ್ಸು ಮೊದಲೇ ಕದಡುವಂತೆ ಮಾಡಿ, ಆಮೇಲೆ ಅವರಿಗೆ ಇತರರ ಕೆಟ್ಟ ಮಾತುಗಳನ್ನು ತೋರಿಸಿ, ನೀವೂ ಬರೆಯಿರಿ ಎಂದರು. ಕೆಟ್ಟ ಮನಃಸ್ಥಿತಿ, ಕೆಟ್ಟ ಮಾತಿನ ಸಹವಾಸ ಎರಡೂ ಕೂಡಿದಾಗ ಕೆಟ್ಟದಾಗಿ ಬರೆದವರ ಪ್ರಮಾಣ ಹತ್ತಿರಹತ್ತಿರ ಎರಡರಷ್ಟಾಯಿತು. ಅವರು ಹುಟ್ಟು ಕಿಡಿಗೇಡಿಗಳಾಗಿರಲಿಲ್ಲ, ನಿಮ್ಮ ನಮ್ಮಂಥವರೇ. ಕೋಪದ ಕಿಚ್ಚು ಯಾರ ಮನೆಯನ್ನು ಮೊದಲು ಸುಡುತ್ತದೆ ಎಂಬುದನ್ನು ಬಸವಣ್ಣನವರು ಒಂದು ವಚನದಲ್ಲಿ ತಿಳಿಸಿಕೊಟ್ಟಿದ್ದಾರೆ. ಅದು ನಿಮಗೆಲ್ಲ ಬಾಯಿಪಾಠ. ಬಾಯಿಪಾಠವಾದದ್ದು ಬೆರಳಿನ ತುದಿಗೂ ಇಳಿಯಬೇಕಾದ ಕಾಲ ಇದು.

ಇಲ್ಲಿ ಒಂದು ಸಂದೇಹ ಬರಬಹುದು. ನಮ್ಮನ್ನು ಕೆಣಕಿದವರೆಲ್ಲ ದುಷ್ಟರೇ? ಟೀಕಿಸಿದವರಿಗೆಲ್ಲ ಕಿವಿ ಮುಚ್ಚಿಕೊಳ್ಳಬೇಕೇ? ಹಾಗಲ್ಲ. ಇದಕ್ಕೆ ಸೊನ್ನಲಿಗೆಯ, ಅಂದರೆ ನಮ್ಮ ಸೋಲಾಪುರದ ಕಥೆಯೇ ಉತ್ತರ. ಸಿದ್ಧರಾಮೇಶ್ವರರು ಕೆರೆ ತೋಡಿಸುತ್ತ, ಗುಡಿ ಕಟ್ಟಿಸುತ್ತ ಲೋಕೋಪಕಾರದಲ್ಲಿ ಮುಳುಗಿದ್ದ ಕಾಲಕ್ಕೆ ಅಲ್ಲಮಪ್ರಭುಗಳು ಅಲ್ಲಿಗೆ ಬಂದರು. ಬಂದವರೇ ಸಿದ್ಧರಾಮರ ಹೆಸರನ್ನು ಹಗುರವಾಗಿ ಎತ್ತಿ, ಬರೀ ಮಣ್ಣು ಅಗೆಸುವವನೆಂಬಂತೆ ಮಾತಾಡಿದರು. ಕೆಲಸಗಾರರು ಸಿಟ್ಟಿಗೆದ್ದು ಕಲ್ಲು ಬೀರಿದರು. ಕಲ್ಲುಗಳು ಪ್ರಭುಗಳನ್ನು ಮುಟ್ಟಲಿಲ್ಲ, ಸುತ್ತಲೂ ಗುಡ್ಡೆಯಾಗಿ ಬಿದ್ದವು. ಸಿದ್ಧರಾಮರೂ ಕೋಪಗೊಂಡು ಬಂದರು. ಆ ಕೋಪದ ಉರಿಯೂ ಪ್ರಭುಗಳನ್ನು ತಾಗಲಿಲ್ಲ. ಕೊನೆಗೆ ಸಿದ್ಧರಾಮರ ಅರಿವು ತೆರೆದು, ಅವರು ಪ್ರಭುಗಳ ಸಂಗಡ ಕಲ್ಯಾಣಕ್ಕೆ ನಡೆದರು.

ಈ ಕಥೆಯಲ್ಲಿ ಕೆಣಕಿದವರು ಗುರು! ಹಾಗಾದರೆ ಗುರುವಿನ ಕೆಣಕಿಗೂ ಕಿಡಿಗೇಡಿಯ ಕೆಣಕಿಗೂ ಅಂತರವೇನು? ಪ್ರಭುಗಳು ಎದುರಿಗೆ ಬಂದು ನಿಂತರು, ಮುಖ ಮರೆಸಲಿಲ್ಲ. ಕಲ್ಲು ಬಿದ್ದರೂ ಓಡಲಿಲ್ಲ, ಹತ್ತಿರ ಬಂದವರಿಗೆ ದಾರಿ ತೋರಿಸುವ ತನಕ ನಿಂತರು. ಅವರಿಗೆ ಬೇಕಾದದ್ದು ಸಿದ್ಧರಾಮರ ಉದ್ಧಾರ. ಆದ್ದರಿಂದ ಟೀಕೆ ಬಂದಾಗ ಮೊದಲು ನೋಡಿರಿ. ಟೀಕಿಸಿದವನಿಗೆ ಹೆಸರಿದೆಯೇ, ಮುಖವಿದೆಯೇ? ನೀವು ತಿಳಿಸಿ ಹೇಳಿದರೆ ಕೇಳುವ ವ್ಯವಧಾನ ಅವನಿಗಿದೆಯೇ? ಅವನ ಮಾತಿನಲ್ಲಿ ನಾವು ತಿದ್ದಿಕೊಳ್ಳಬೇಕಾದ ಹುಳುಕು ತೋರುತ್ತಿದೆಯೇ? ಹಾಗಿದ್ದರೆ ಅವನು ನಿಮ್ಮ ಹಿತೈಷಿ, ಕೂಡ್ರಿಸಿ ಮಾತಾಡಿರಿ. ನಮ್ಮ ಕಾರ್ಯದಲ್ಲಿ ಕೊರತೆ ತೋರಿಸಿದವರನ್ನೆಲ್ಲ ಟ್ರೋಲ್ ಎಂದು ತಳ್ಳಿದರೆ ನಾವು ಪ್ರಭುವಿಗೇ ಕಲ್ಲು ಬೀರಿದಂತಾದೀತು.

ಇನ್ನೊಂದು ಸಂದೇಹ ಇದಕ್ಕಿಂತ ಗಂಭೀರವಾದದ್ದು. ಎಲ್ಲದಕ್ಕೂ ಮೌನವೇ ಮದ್ದೇ? ಒಂದು ಉದಾಹರಣೆ ಇಟ್ಟುಕೊಳ್ಳಿರಿ. ಗಡಿಯೂರಿನ ಕನ್ನಡ ಶಾಲೆಯ ಹುಡುಗಿಯೊಬ್ಬಳು ವಚನ ಹಾಡಿದ್ದನ್ನು ಮನೆಯವರು ಅಭಿಮಾನದಿಂದ ವಿಡಿಯೋ ಮಾಡಿ ಹಾಕಿದರು. ಒಬ್ಬ ಆಕೆಯ ಉಚ್ಚಾರದಲ್ಲಿ ಮರಾಠಿ ಸೋಂಕಿದೆಯೆಂದು ಹಂಗಿಸಿದ. ಇನ್ನೊಬ್ಬ ಆಕೆ ಕನ್ನಡ ಹಾಡಿದ್ದೇ ತಪ್ಪೆಂದ. ಮೂರನೆಯವ ಆಕೆಯ ರೂಪದ ಬಗ್ಗೆ ಹೇಳಬಾರದ್ದು ಬರೆದ. ಆಗ ಆ ಹುಡುಗಿಗೆ, “ಲಕ್ಷ್ಯ ಕೊಡಬೇಡ ತಂಗಿ” ಎಂದಷ್ಟೇ ಹೇಳಿ ನಾವೆಲ್ಲ ನಮ್ಮ ನಮ್ಮ ಕೆಲಸಕ್ಕೆ ಹೋದರೆ, ಅದು ಶರಣರ ಸಮಾಧಾನವಲ್ಲ, ನಮ್ಮ ಸೋಮಾರಿತನ. ಆ ಕೂಸು ಮತ್ತೆ ಹಾಡುವುದನ್ನೇ ಬಿಟ್ಟರೆ ಗೆದ್ದವನು ಕಿಡಿಗೇಡಿ.

ಇಲ್ಲಿ ನಿಯಮ ಸರಳವಾಗಿದೆ. ಬೈದವನ ಕಡೆಗೆ ಮೌನ, ಬೈಸಿಕೊಂಡವರ ಕಡೆಗೆ ಮಾತು. ಕೆಟ್ಟ ಬರಹದ ಕೆಳಗೆ ನೂರು ಜನ ಜಗಳಕ್ಕೆ ನಿಲ್ಲುವ ಬದಲು, ಆ ಹಾಡಿನ ಕೆಳಗೆ ನೂರು ಜನ “ಚೆನ್ನಾಗಿ ಹಾಡಿದೆ ಮಗಳೇ” ಎಂದು ಬರೆಯಿರಿ. ಯಂತ್ರ ಎಣಿಸುವುದಾದರೆ ಇದನ್ನೇ ಎಣಿಸಲಿ. ಮುಂದಿನ ಗೋಷ್ಠಿಯಲ್ಲಿ ಆಕೆಯನ್ನು ಕರೆದು ಹಾಡಿಸಿರಿ. ನಮ್ಮ ಲಕ್ಷ್ಯದ ದಾಸೋಹಕ್ಕೆ ಅರ್ಹರು ಇಂಥವರು.

ಬೆದರಿಕೆ, ಹೆಣ್ಣುಮಕ್ಕಳ ಮಾನಹಾನಿ, ನಕಲಿ ಚಿತ್ರ, ನಕಲಿ ಖಾತೆ, ಗಲಭೆ ಎಬ್ಬಿಸುವ ಸುಳ್ಳು, ಇವು ಉಪೇಕ್ಷೆ ಮಾಡುವ ವಿಷಯಗಳಲ್ಲ. ಅಲ್ಲಿಯೂ ಕಿಡಿಗೇಡಿಯ ಜತೆ ವಾದ ಬೇಡ. ಪರದೆಯ ಚಿತ್ರ ತೆಗೆದು ಇಟ್ಟುಕೊಳ್ಳಿರಿ, ದಿನಾಂಕ, ಸಮಯ ಬರೆದಿಡಿರಿ, ಕಂಪನಿಗೆ ದೂರು ಒತ್ತಿರಿ, ಪೊಲೀಸ್ ಠಾಣೆಗೆ ಹೋಗಿರಿ. ಕೇಂದ್ರ ಸರ್ಕಾರದ ಸೈಬರ್ ಅಪರಾಧ ಪೋರ್ಟಲಿನಲ್ಲಿ ಮನೆಯಿಂದಲೇ ದೂರು ಕೊಡಬಹುದು. ಹಾಗೆಂದು ಪ್ರತಿಯೊಂದು ಒರಟು ಮಾತಿಗೂ ಜೈಲಾಗಲೆಂದು ಬಯಸುವುದೂ ಸರಿಯಲ್ಲ. ಸಂದೇಶ ಕಿರಿಕಿರಿಯಾಯಿತೆಂದು ಬಂಧಿಸಲು ಎಡೆಕೊಡುತ್ತಿದ್ದ ಐಟಿ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟು 2015ರ ಮಾರ್ಚಿನಲ್ಲಿ ರದ್ದುಪಡಿಸಿದೆ. ಕಾಯ್ದೆಗೆ ಸಲ್ಲುವುದು ಕಾಯ್ದೆಗೆ, ಮಿಕ್ಕದ್ದು ಉಪೇಕ್ಷೆಗೆ. ಸುಳ್ಳನ್ನು ತಿದ್ದಲೇಬೇಕಾದಾಗಲೂ ಅವನ ಬರಹವನ್ನು ಹೊತ್ತು ತಿರುಗಬೇಡಿರಿ. ನಿಮ್ಮದೇ ಮಾತಿನಲ್ಲಿ, ನಿಮ್ಮದೇ ಜಾಗದಲ್ಲಿ, ನಿಜವಾದ ಸಂಗತಿಯನ್ನು ಒಮ್ಮೆ ಹೇಳಿ ಮುಗಿಸಿರಿ.

ಉಪೇಕ್ಷೆ ಮಾಡಿದ ಮೊದಲ ದಿನಗಳಲ್ಲಿ ಕಿಡಿಗೇಡಿಯ ಕಾಟ ಹೆಚ್ಚಬಹುದು, ಅದಕ್ಕೆ ಅಂಜಬೇಡಿರಿ. ದಿನಾಲು ಬಾಗಿಲಿಗೆ ಬಂದು ಹಿಂಡಿ ತಿಂದು ರೂಢಿಯಾದ ದನಕ್ಕೆ ಒಂದು ದಿನ ಏನೂ ಇಡದಿದ್ದರೆ ಅದು ಬಾಗಿಲನ್ನೇ ಗುದ್ದುತ್ತದೆ. ಗುದ್ದಿತೆಂದು ಮತ್ತೆ ಹಿಂಡಿ ಇಟ್ಟರೆ, ಗುದ್ದಿದರೆ ಸಿಗುತ್ತದೆಂದು ಕಲಿಯುತ್ತದೆ. ನಾಲ್ಕು ದಿನ ತಡೆದರೆ ಬೇರೆ ದಾರಿ ಹಿಡಿಯುತ್ತದೆ. ಹತ್ತು ಸಲ ಸುಮ್ಮನಿದ್ದು ಹನ್ನೊಂದನೆಯ ಸಲ ಸಿಡಿಯುವುದು, ಮೊದಲನೆಯ ಸಲವೇ ಸಿಡಿಯುವುದಕ್ಕಿಂತ ಕೆಟ್ಟದ್ದು. ಹೊಗಳಿಕೆಗೂ ತೆಗಳಿಕೆಗೂ ಅಲುಗದೆ ಬಾಳಬೇಕೆಂದು ಅಕ್ಕಮಹಾದೇವಿ ಕಲಿಸಿದ್ದು ಒಂದು ದಿನದ ವ್ರತವಲ್ಲ, ದಿನದಿನದ ಅಭ್ಯಾಸ.

ಶರಣ ಬಂಧುಗಳೇ, ನಮ್ಮ ಧರ್ಮದಲ್ಲಿ ಈ ಅಭ್ಯಾಸಕ್ಕೆ ಬೇಕಾದ ಸಾಧನ ಆಗಲೇ ಇದೆ. ಇಷ್ಟಲಿಂಗವನ್ನು ಅಂಗೈಯಲ್ಲಿರಿಸಿ ಕಣ್ಣೆವೆ ಇಕ್ಕದೆ ನೋಡುವ ಪೂಜೆ ಎಂದರೆ ಲಕ್ಷ್ಯವನ್ನು ಒಂದೆಡೆ ನಿಲ್ಲಿಸುವ ಶಿಕ್ಷಣ. ಆ ಅಂಗೈಯಲ್ಲಿಯೇ ಇಂದು ಮೊಬೈಲು ಕುಳಿತಿದೆ. ಮೊಬೈಲನ್ನು ದೂಷಿಸುವುದು ನಮ್ಮ ಉದ್ದೇಶವಲ್ಲ, ಈ ಪ್ರವಚನವನ್ನೂ ಕೆಲವರು ಅದರಲ್ಲಿಯೇ ಓದುತ್ತೀರಿ. ಆದರೆ ಲಿಂಗಕ್ಕೆ ಅರ್ಪಿಸದೆ ಒಂದು ತುತ್ತನ್ನೂ ಮುಟ್ಟಬಾರದೆಂದು ಹಿರಿಯರು ನಡೆದುಕೊಂಡರಲ್ಲ, ಆ ಶೀಲವನ್ನು ಬೆರಳಿಗೂ ಕಲಿಸಿರಿ. ಉತ್ತರ ಬರೆಯುವ ಮುಂಚೆ, ಈ ಮಾತನ್ನು ಅಂಗೈಯ ಲಿಂಗದ ಮುಂದೆ ಓದಬಲ್ಲೆನೇ ಎಂದು ಕೇಳಿಕೊಳ್ಳಿರಿ. ಓದಲಾರೆ ಎನಿಸಿದರೆ ಅದು ಅನರ್ಪಿತ, ಅಳಿಸಿಬಿಡಿರಿ. ಉಳಿದ ಹೊತ್ತನ್ನು ಮನೆಯ ಮಕ್ಕಳಿಗೆ, ಮುಪ್ಪಾದ ತಂದೆತಾಯಿಗಳಿಗೆ, ಹೊಲಮನೆಗೆ, ಓದಿಗೆ, ನೆರೆಯವನ ಕಷ್ಟಸುಖಕ್ಕೆ ಬಡಿಸಿರಿ. ಎಲ್ಲರಿಗೂ ದಿನಕ್ಕೆ ಇರುವುದು 24 ತಾಸು. ಅದರಲ್ಲಿ ಕಿಡಿಗೇಡಿಯ ಪಾಲು ಎಷ್ಟೆಂದು ನಿಶ್ಚಯಿಸುವ ಅಧಿಕಾರ ಅವನಿಗಿಲ್ಲ, ನಿಮಗಿದೆ.

ಗಡಿನಾಡಿನ ನಮ್ಮ ಭಕ್ತರ ಮನೆಗಳಲ್ಲಿ ಶಾಂತಿ ನೆಲೆಸಲಿ, ನೆರೆಹೊರೆಯಲ್ಲಿ ಸ್ನೇಹ ಬೆಳೆಯಲಿ, ಹಾಡುವ ಕೂಸುಗಳ ದನಿ ಅಡಗದಿರಲಿ ಎಂದು ಬಸವಾದಿ ಶರಣರಲ್ಲಿ ಪ್ರಾರ್ಥಿಸಿ ನಮ್ಮ ಮಾತಿಗೆ ಮಂಗಲ ಹಾಡುತ್ತೇವೆ.